ಇದ್ದ ಒಬ್ಬರೇ ಟೀಚರ್ ಬಿಟ್ಟು ಹೋದರು: ಸಣ್ಣ ಚಾರ್ಟರ್ ಶಾಲೆಯಲ್ಲೇ ಇರೋದಾ, ಬಿಡೋದಾ?

ಪುಟ್ಟನ ಅಮ್ಮ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಓದಿ.

ನಾವಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಮಗ ಮೂರನೇ ಕ್ಲಾಸು. ಅವನದ್ದು ಒಂದು ಸಣ್ಣ ಪಬ್ಲಿಕ್ ಚಾರ್ಟರ್ ಶಾಲೆ. ಕಿಂಡರ್‌ಗಾರ್ಟನ್‌ನಿಂದ ಎಂಟರವರೆಗೆ ಎಲ್ಲ ಸೇರಿ 210 ಮಕ್ಕಳು. ಸೀಟಿನ ಲಾಟರಿಯಲ್ಲಿ ಹೆಸರು ಬಂದ ದಿನ ನಾನು ಊರಿಗೆ ಫೋನ್ ಮಾಡಿ, ಗಣಪತಿ ಗುಡಿಯಲ್ಲಿ ಒಂದು ಕಾಯಿ ಒಡೆಸಿ ಅಂದಿದ್ದೆ. ಅಷ್ಟು ಖುಷಿ. ಬೆಳಿಗ್ಗೆ ಪ್ರಿನ್ಸಿಪಾಲರೇ ಗೇಟಿನಲ್ಲಿ ನಿಂತು ಒಂದೊಂದು ಮಗುವನ್ನೂ ಹೆಸರು ಹಿಡಿದು ಮಾತಾಡಿಸುತ್ತಾರೆ. ನಮ್ಮವನ ಹೆಸರಿನಲ್ಲಿರುವ ‘ಣ’ವನ್ನು ಪಾಪ ಕಷ್ಟಪಟ್ಟು ಕಲಿತಿದ್ದಾರೆ.

ಮಗನಿಗೆ ತೊದಲು ಇದೆ, ಓದುವುದೂ ನಿಧಾನ. ಎರಡನೇ ಕ್ಲಾಸಿನಲ್ಲಿ ಐಇಪಿ ಆಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ವಿಶೇಷ ಸಹಾಯ ಬೇಕಾದ ಮಗುವಿಗೆ ಶಾಲೆಯೂ ಮನೆಯವರೂ ಕೂತು ಬರೆಯುವ ಯೋಜನೆ ಅದು. ವಾರಕ್ಕೆ ಎಷ್ಟು ನಿಮಿಷ, ಯಾರು, ಏನು ಅಂತ ಎಲ್ಲ ಅದರಲ್ಲಿರುತ್ತದೆ. ನಮ್ಮವನದ್ದರಲ್ಲಿ ಓದಿಗೆ ವಾರಕ್ಕೆ 120 ನಿಮಿಷ, ಮಾತಿಗೆ 30 ನಿಮಿಷದಂತೆ ಎರಡು ಸಲ.

ಜನವರಿಯಲ್ಲಿ ರಿಸೋರ್ಸ್ ಟೀಚರ್, ಅಂದರೆ ಐಇಪಿ ಇರುವ ಮಕ್ಕಳಿಗೆ ಕಲಿಸುವವರು, ಬಿಟ್ಟು ಹೋದರು. ಇಡೀ ಶಾಲೆಗೆ ಇದ್ದವರು ಅವರೊಬ್ಬರೇ. ಇಲ್ಲಿಯ ಬಾಡಿಗೆ ಕೊಡಲಾಗದೆ ಸ್ಯಾಕ್ರಮೆಂಟೊ ಕಡೆ ಹೋದರಂತೆ, ಅವರನ್ನು ನಾನು ಬೈಯಲ್ಲ. ಶಾಲೆಯಿಂದ ಒಂದು ಇಮೇಲ್ ಬಂತು, ‘ಸೇವೆಗಳು ಎಂದಿನಂತೆ ಮುಂದುವರಿಯುತ್ತವೆ’ ಅಂತ. ಆರು ವಾರ ಆಯಿತು. ಓದಿನ 120 ನಿಮಿಷ ಪೂರಾ ನಿಂತಿದೆ. ಕೌನ್ಸೆಲರ್ ಮಂಗಳವಾರ, ಗುರುವಾರ ಮಾತ್ರ ಬರುತ್ತಾರೆ. ಮಾತಿನ ಕ್ಲಾಸು ಲ್ಯಾಪ್‌ಟಾಪಿನಲ್ಲಿ, ಯಾವುದೋ ಊರಿನ ಥೆರಪಿಸ್ಟ್ ಜೊತೆ. ಬೇರೆ ಕೋಣೆ ಇಲ್ಲ ಅಂತ ಅವನನ್ನು ಕಾರಿಡಾರಿನಲ್ಲಿ ಜೆರಾಕ್ಸ್ ಮಷಿನ್ ಪಕ್ಕ ಕೂರಿಸುತ್ತಾರೆ.

ಮೊನ್ನೆ ಸ್ನಾನ ಮಾಡಿಸುವಾಗ ಕೇಳಿದೆ, ಹೇಗಾಗ್ತಿದೆ ಕ್ಲಾಸು ಅಂತ. ‘ಮಷಿನ್ ಶುರು ಆದ್ರೆ ಅವರಿಗೆ ನಾನು ಹೇಳಿದ್ದು ಕೇಳಲ್ಲ ಅಮ್ಮ. ಮತ್ತೆ ಹೇಳು ಅಂತಾರೆ. ಅದಕ್ಕೆ ನಾನು ಸುಮ್ನೆ ತಲೆ ಆಡಿಸ್ತೀನಿ’ ಅಂದ.

ತೊದಲುವ ಮಗುವಿಗೆ ‘ಮತ್ತೆ ಹೇಳು’ ಅನ್ನುವುದು ಏನು ಅಂತ ಆ ಕಷ್ಟ ಇರುವ ಮನೆಯವರಿಗೆ ಗೊತ್ತು.

ಈಗ ನನ್ನ ಪ್ರಶ್ನೆ. ಈ ಶಾಲೆಯಲ್ಲೇ ಇರೋದಾ, ಡಿಸ್ಟ್ರಿಕ್ಟ್ ಶಾಲೆಗೆ, ಅಂದರೆ ಇಲ್ಲಿಯ ಮಾಮೂಲಿ ಸರ್ಕಾರಿ ಶಾಲೆಗೆ ಹಾಕೋದಾ? ಇಷ್ಟು ಸಣ್ಣ ಶಾಲೆಯಿಂದ ನಾನು ಜಾಸ್ತಿ ಕೇಳುತ್ತಿದ್ದೇನಾ?

ಎರಡನೇ ಡಿಕಾಕ್ಷನ್ · ಭಾನುವಾರ ರಾತ್ರಿ

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾಳೆಯೇ ಡಿಸ್ಟ್ರಿಕ್ಟ್ ಶಾಲೆಗೆ ಹೋಗಿ ವಿಚಾರಿಸಿ.

ಸಣ್ಣ ಶಾಲೆ ಅಂದರೆ ಮನೆ ಥರ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಮನೆ ಥರವೇ. ಮನೆಯಲ್ಲಿ ಅಡುಗೆ ಮಾಡುವವರಿಗೆ ಜ್ವರ ಬಂದರೆ ಎಲ್ಲರೂ ಬ್ರೆಡ್ ತಿನ್ನಬೇಕು, ಅಷ್ಟೇ. ಡಿಸ್ಟ್ರಿಕ್ಟ್‌ನಲ್ಲಿ ಇಪ್ಪತ್ತು ಶಾಲೆಗೆ ಇಪ್ಪತ್ತೈದು ರಿಸೋರ್ಸ್ ಟೀಚರ್ ಇದ್ದರೆ, ಒಬ್ಬರು ಹೋದರೂ ಪಕ್ಕದ ಶಾಲೆಯಿಂದ ಯಾರನ್ನಾದರೂ ಎರಡು ದಿನ ಕಳಿಸುತ್ತಾರೆ. ಇಲ್ಲಿ ಕಳಿಸಲು ಯಾರಿದ್ದಾರೆ? ನನ್ನ ಮಗಳಿಗೂ ಐಇಪಿ ಇತ್ತು. ಚಾರ್ಟರ್ ಬಿಟ್ಟು ಹಾಕಿದ ಮೇಲೆ ನಾವು ನೆಮ್ಮದಿಯಾಗಿ ನಿದ್ದೆ ಮಾಡಿದ್ದು.

ಅದೇ ರಾಜ್ಯದೊಳಗೆ ಶಾಲೆ ಬದಲಿಸಿದರೆ ಐಇಪಿ ಜೊತೆಗೇ ಬರುತ್ತದೆ. ಹೊಸ ಶಾಲೆ ಮೊದಲ ದಿನದಿಂದ ಅದಕ್ಕೆ ಸಮನಾದ ಸಹಾಯ ಕೊಡಬೇಕು, 30 ದಿನದೊಳಗೆ ಮೀಟಿಂಗ್ ಮಾಡಬೇಕು. ಏನೂ ಕಳೆದುಕೊಳ್ಳುವುದಿಲ್ಲ.

ಪ್ಯಾರಾ ಅಕ್ಕ · ಸೋಮವಾರ ಬೆಳಿಗ್ಗೆ

ನಾನು ಇಂಥದ್ದೇ ಇನ್ನೊಂದು ಸಣ್ಣ ಶಾಲೆಯಲ್ಲಿ ಪ್ಯಾರಾ, ಅಂದರೆ ಟೀಚರ್‌ಗೆ ಸಹಾಯಕಿ. ನಾಲ್ಕನೇ ವರ್ಷ. ಶಾಲೆ ಯಾವುದು ಅಂತ ಕೇಳಬೇಡಿ.

ಒಳಗಿನಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ನನಗೆ ದಿನಕ್ಕೆ 5 ಗಂಟೆ 45 ನಿಮಿಷ ಕೆಲಸ. ಆರು ಗಂಟೆ ಯಾಕಿಲ್ಲ? ವಾರಕ್ಕೆ 30 ಗಂಟೆ ಮುಟ್ಟಿದರೆ ಫುಲ್ ಟೈಮ್ ಲೆಕ್ಕ, ಆರೋಗ್ಯ ವಿಮೆಯ ವಿಷಯ ಬರುತ್ತದೆ. ಆ ಹದಿನೈದು ನಿಮಿಷದಲ್ಲಿ ಎಷ್ಟು ಜಾಣತನ ಇದೆ ನೋಡಿ. ಅದಕ್ಕೇ ಜನ ನಿಲ್ಲುವುದಿಲ್ಲ. ನಾನು ಸೇರಿದ ಮೇಲೆ ಜೊತೆಗಿದ್ದ ಮೂವರು ಬಿಟ್ಟರು. ಒಬ್ಬಳು ಕಾಸ್ಟ್ಕೋ ಅಂಗಡಿಗೆ ಕೆಲಸಕ್ಕೆ ಹೋದಳು, ಅಲ್ಲಿ ಸಂಬಳ ಜಾಸ್ತಿ ಅಂತ.

ಕಾಗದದಲ್ಲಿ ನಾನು ಒಂದು ಹುಡುಗನ ಜೊತೆಗಿರಬೇಕು. ಸಬ್‌ಸ್ಟಿಟ್ಯೂಟ್ (ಬದಲಿ ಟೀಚರ್) ಸಿಗದ ದಿನ ನನ್ನನ್ನು ಎರಡನೇ ಕ್ಲಾಸಿಗೆ ಕಳಿಸುತ್ತಾರೆ. ಆಫೀಸಿನವರು ರಜೆ ಹಾಕಿದರೆ ಫೋನ್ ಹತ್ತಿರ ನಾನೇ. ಊಟದ ಹೊತ್ತು ಅಂಗಳದಲ್ಲಿ ಎಂಬತ್ತು ಮಕ್ಕಳಿಗೆ ಇಬ್ಬರು. ಆ ಹುಡುಗ ಕ್ಲಾಸಿನ ಬಾಗಿಲಿನಿಂದ ನನ್ನನ್ನು ಹುಡುಕುತ್ತಾ ನೋಡುತ್ತಾನೆ. ನಾನು ಕೈ ಬೀಸುತ್ತೇನೆ. ಮನೆಗೆ ಬಂದ ಮೇಲೂ ಆ ಮುಖ ಹೋಗುವುದಿಲ್ಲ.

ಪುಟ್ಟನ ಅಮ್ಮ, ನೀವು ಜಾಸ್ತಿ ಕೇಳುತ್ತಿಲ್ಲ. ನೀವು ಕೇಳದಿದ್ದರೆ ನಮಗೂ ಕಷ್ಟ. ನಾವು ಒಳಗಿನಿಂದ ಎಷ್ಟು ಹೇಳಿದರೂ ‘ಬಜೆಟ್ ಇಲ್ಲ’ ಅಂತಾರೆ. ಪೋಷಕರು ಕಾಗದದಲ್ಲಿ ಕೇಳಿದರೆ ಅದೇ ಮಾತು ಬೇರೆ ಥರ ಕೇಳಿಸುತ್ತದೆ.

ಜಯನಗರ ನಾಲ್ಕನೇ ಬ್ಲಾಕ್ · ಸೋಮವಾರ ಬೆಳಿಗ್ಗೆ

ಚಾರ್ಟರ್ ಅಂದರೆ ಪ್ರೈವೇಟ್ ಅಲ್ವಾ? ಅವರಿಗೆ ಈ ಐಇಪಿ ಕಾನೂನೆಲ್ಲ ಅನ್ವಯ ಆಗುತ್ತಾ? ಗೊತ್ತಿಲ್ಲದೆ ಕೇಳುತ್ತಿದ್ದೇನೆ.

ಮಿನ್ನೆಸೋಟ ಚಳಿ · ಸೋಮವಾರ ಬೆಳಿಗ್ಗೆ

@ಜಯನಗರ, ಅಲ್ಲ. ಸರ್ಕಾರಿ ದುಡ್ಡಿನಲ್ಲೇ ನಡೆಯುವ ಶಾಲೆ, ಫೀಸು ಇಲ್ಲ, ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸುವಂತಿಲ್ಲ. ಆದರೆ ನಡೆಸುವುದು ಡಿಸ್ಟ್ರಿಕ್ಟ್ ಅಲ್ಲ, ತನ್ನದೇ ಬೋರ್ಡು, ಅಂದರೆ ಆಡಳಿತ ಮಂಡಳಿ. ದೇಶದಲ್ಲಿ ಮೊದಲು ಚಾರ್ಟರ್ ಕಾನೂನು ಬಂದಿದ್ದು ನಮ್ಮ ರಾಜ್ಯದಲ್ಲೇ, 1991ರಲ್ಲಿ. ಮರುವರ್ಷ ಸೇಂಟ್ ಪಾಲ್‌ನಲ್ಲಿ ಸಿಟಿ ಅಕಾಡೆಮಿ ಅನ್ನುವ ಮೊದಲ ಚಾರ್ಟರ್ ಶಾಲೆ ಶುರುವಾಯಿತು. ಕ್ಯಾಲಿಫೋರ್ನಿಯಾ ಎರಡನೆಯದು, 1992ರಲ್ಲಿ.

ವಿಶೇಷ ಶಿಕ್ಷಣದ ಕೇಂದ್ರ ಕಾನೂನು 1975ರದ್ದು, ಈಗ ಅದಕ್ಕೆ ಐಡಿಇಎ ಅಂತ ಹೆಸರು. ಚಾರ್ಟರ್‌ಗಳಿಗೂ ಅಷ್ಟೇ ಅನ್ವಯ. ‘ನಮ್ಮದು ಸಣ್ಣದು, ನಮ್ಮಲ್ಲಿ ಆಗಲ್ಲ’ ಅನ್ನುವ ಹಾಗಿಲ್ಲ.

ಲೆಕ್ಕದ ಪುಸ್ತಕ · ಸೋಮವಾರ ಮಧ್ಯಾಹ್ನ

ನಾನು ಕ್ಯಾಲಿಫೋರ್ನಿಯಾದ ಒಂದು ಚಾರ್ಟರ್ ಬೋರ್ಡಿನಲ್ಲಿ ಮೂರು ವರ್ಷ ಇದ್ದೆ, ಹಣಕಾಸು ಕಮಿಟಿ. ಸಂಬಳ ಇಲ್ಲದ ಕೆಲಸ, ಬೈಗುಳ ಮಾತ್ರ ಧಾರಾಳ. ಹಾಗಾಗಿ ಎರಡೂ ಕಡೆಯದ್ದು ಹೇಳಬಲ್ಲೆ.

ಮೊದಲು ಈ ‘ಅನುಪಾತ’ ಅನ್ನುವ ಮೋಸದ ಬಗ್ಗೆ. ಶಾಲಾ ಕೌನ್ಸೆಲರ್‌ಗಳ ರಾಷ್ಟ್ರೀಯ ಸಂಘ ಹೇಳುವುದು 250 ಮಕ್ಕಳಿಗೆ ಒಬ್ಬರು ಅಂತ. 2022-23ರಲ್ಲಿ ಇಡೀ ದೇಶದ ಸರಾಸರಿ 385ಕ್ಕೆ ಒಬ್ಬರು. ಪುಟ್ಟನ ಶಾಲೆಯ ವೆಬ್‌ಸೈಟಿನಲ್ಲಿ ‘ನಮ್ಮಲ್ಲಿ ಕೌನ್ಸೆಲರ್ ಇದ್ದಾರೆ’ ಅಂತಿದ್ದರೆ 210ಕ್ಕೆ ಒಬ್ಬರು, ಆಹಾ ಅನ್ನಿಸುತ್ತದೆ. ಆದರೆ ವಾರಕ್ಕೆ ಎರಡೇ ದಿನ ಬರುವವರು ಲೆಕ್ಕದಲ್ಲಿ 0.4 ಆಳು. ಭಾಗಿಸಿ ನೋಡಿ, 525 ಮಕ್ಕಳಿಗೆ ಒಬ್ಬರು ಇದ್ದ ಹಾಗೆ. ಅದಕ್ಕೆ ಶಾಲೆ ಹತ್ತಿರ ‘ಎಷ್ಟು ಜನ ಇದ್ದಾರೆ’ ಅಂತ ಕೇಳಬೇಡಿ, ‘ಎಷ್ಟು ಎಫ್‌ಟಿಇ’, ಅಂದರೆ ಫುಲ್ ಟೈಮ್ ಲೆಕ್ಕದಲ್ಲಿ ಎಷ್ಟು ಆಳು, ಅಂತ ಕೇಳಿ. ಈ ಮೂರಕ್ಷರ ಬಾಯಿಂದ ಬಂದರೆ ಎದುರಿಗಿರುವವರು ನೆಟ್ಟಗೆ ಕೂರುತ್ತಾರೆ.

ಆದರೆ ಅನುಪಾತ ಸರಿ ಇದ್ದರೂ ಸಣ್ಣ ಶಾಲೆಯ ಕಷ್ಟ ಬೇರೆ. ಕ್ಯಾಲಿಫೋರ್ನಿಯಾದ ಶಿಕ್ಷಣ ಸಂಹಿತೆಯಲ್ಲಿ ಒಬ್ಬ ರಿಸೋರ್ಸ್ ಟೀಚರ್‌ಗೆ 28 ಮಕ್ಕಳು ಅಂತ ಮಿತಿ ಇದೆ. ಇಂಥ ಶಾಲೆಯಲ್ಲಿ ಐಇಪಿ ಇರುವವರು ಇಪ್ಪತ್ತೈದು ಅಂತಿಟ್ಟುಕೊಳ್ಳಿ. ಒಬ್ಬರು ಸಾಕು, ಕಾಗದ ಸರಿ. ಆದರೆ ಆ ಒಬ್ಬರು ಹೋದರೆ ನೂರಕ್ಕೆ ನೂರು ಹೋಯಿತು. ದೊಡ್ಡ ಡಿಸ್ಟ್ರಿಕ್ಟ್‌ನಲ್ಲಿ ಅದೇ ಒಬ್ಬರು ನೂರಕ್ಕೆ ನಾಲ್ಕು.

ಈಗ ದುಡ್ಡು. ಇಲ್ಲಿ ರಾಜ್ಯ ದುಡ್ಡು ಕೊಡುವುದು ಹೆಸರು ಹಚ್ಚಿದ ಮಕ್ಕಳ ಲೆಕ್ಕದಲ್ಲಿ ಅಲ್ಲ, ದಿನಾ ಬಂದು ಕೂತ ಮಕ್ಕಳ ಸರಾಸರಿ ಮೇಲೆ. 2013ರಲ್ಲಿ ಬಂದ ಪದ್ಧತಿಯಲ್ಲಿ ಮಗುವಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ಆಚೀಚೆ ಮೂಲ ಮೊತ್ತ, ಕ್ಲಾಸಿನ ಮೇಲೆ ಹೆಚ್ಚುಕಡಿಮೆ. ಹತ್ತು ಮಕ್ಕಳು ಶಾಲೆ ಬಿಟ್ಟರೆ ಒಂದು ಲಕ್ಷ ಡಾಲರ್ ಹೋಯಿತು, ಒಬ್ಬ ಟೀಚರ್ ಹೋದ ಹಾಗೆ. ಆದರೆ ಆ ಹತ್ತು ಜನ ಒಂದೇ ಕ್ಲಾಸಿನವರಾಗಿರುವುದಿಲ್ಲ. ಕ್ಲಾಸಿಗೊಬ್ಬರು ಹೋಗಿರುತ್ತಾರೆ. ಯಾವ ಕ್ಲಾಸನ್ನೂ ಮುಚ್ಚುವ ಹಾಗಿಲ್ಲ, ಯಾವ ಟೀಚರನ್ನೂ ಬಿಡುವ ಹಾಗಿಲ್ಲ. ಕತ್ತರಿ ಬೀಳುವುದು ಕೌನ್ಸೆಲರ್, ಪ್ಯಾರಾ, ಲೈಬ್ರರಿ, ಇಂಥವರ ಮೇಲೆ. ಡಿಸ್ಟ್ರಿಕ್ಟ್‌ಗಳಿಗೆ ಮಕ್ಕಳು ಕಡಿಮೆಯಾದರೆ ಹಿಂದಿನ ವರ್ಷಗಳ ಸಂಖ್ಯೆ ಹಿಡಿದು ಸ್ವಲ್ಪ ಕಾಲ ತಳ್ಳಬಹುದು. ಚಾರ್ಟರ್‌ಗಳಿಗೆ ಆ ಸೌಲಭ್ಯ ಇಲ್ಲ, ಈ ವರ್ಷದ್ದು ಈ ವರ್ಷಕ್ಕೇ.

ವಿಶೇಷ ಶಿಕ್ಷಣದ ರಾಜ್ಯದ ಹಣ ಇನ್ನೂ ವಿಚಿತ್ರ. ಅದರ ಬಹುಪಾಲು ಒಟ್ಟು ಹಾಜರಾತಿ ನೋಡಿ ಬರುತ್ತದೆ, ಸಹಾಯ ಬೇಕಾದ ಮಕ್ಕಳು ಎಷ್ಟಿದ್ದಾರೆ ಅಂತ ನೋಡಿ ಅಲ್ಲ. ಕೇಂದ್ರ ಸರ್ಕಾರ 1975ರಲ್ಲೇ ಹೆಚ್ಚುವರಿ ಖರ್ಚಿನ 40 ಶೇಕಡಾ ಕೊಡುತ್ತೇನೆ ಅಂದಿತ್ತು. ಈಗ ಕೊಡುತ್ತಿರುವುದು ಅದರ ಅರ್ಧವೂ ಇಲ್ಲ. ಜೊತೆಗೆ ಕೋವಿಡ್ ಕಾಲದಲ್ಲಿ ಶಾಲೆಗಳಿಗೆ ಮೂರು ಕಂತಿನಲ್ಲಿ ಬಂದ ಸುಮಾರು 190 ಬಿಲಿಯನ್ ಡಾಲರ್ ಇತ್ತಲ್ಲ, ಅದರ ಕೊನೇ ಕಂತನ್ನು ಯಾವುದಕ್ಕೆ ಅಂತ ಗೊತ್ತು ಮಾಡುವ ಗಡುವು 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ತುಂಬಾ ಕಡೆ ಕೌನ್ಸೆಲರ್‌ಗಳನ್ನು ತೆಗೆದುಕೊಂಡಿದ್ದೇ ಆ ದುಡ್ಡಿನಲ್ಲಿ. ಬಾವಿ ಬತ್ತಿತು.

ಇದೆಲ್ಲ ಕಾರಣ, ನೆಪ ಅಲ್ಲ. ಐಇಪಿಯಲ್ಲಿ ಬರೆದ ನಿಮಿಷ ಕೊಡಲೇಬೇಕು. ಟೀಚರ್ ಸಿಗಲಿಲ್ಲ ಅನ್ನುವುದು ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಎರಡನೇ ಡಿಕಾಕ್ಷನ್ · ಸೋಮವಾರ ಮಧ್ಯಾಹ್ನ

@ಲೆಕ್ಕದ ಪುಸ್ತಕ, ಇಷ್ಟು ಚೆನ್ನಾಗಿ ವಿವರಿಸಿದಿರಿ, ನನ್ನ ವಾದವೇ ಗಟ್ಟಿಯಾಯಿತು. ಇಷ್ಟು ತೆಳುವಾದ ಹಗ್ಗದ ಮೇಲೆ ಮಗುವನ್ನು ಯಾಕೆ ನಡೆಸಬೇಕು?

ಲೆಕ್ಕದ ಪುಸ್ತಕ · ಸೋಮವಾರ ಮಧ್ಯಾಹ್ನ

ಯಾಕೆಂದರೆ ಗೇಟಿನಲ್ಲಿ ‘ಣ’ ಕಲಿತವರು ನಿಂತಿದ್ದಾರೆ. ಅದಕ್ಕೂ ಬೆಲೆ ಇದೆ ಸ್ವಾಮಿ. ನಿಮ್ಮ ಮಗಳಿಗೆ ಸರಿಹೋಗಿದ್ದು ಇವರ ಮಗನಿಗೆ ಹೋಗಲಿಕ್ಕಿಲ್ಲ. ಡಿಸ್ಟ್ರಿಕ್ಟ್‌ಗಳಲ್ಲೂ ಟೀಚರ್ ಕೊರತೆ ಇಲ್ಲವೇ? ಇದೆ.

ಮೇಷ್ಟ್ರು, ಮಗಳ ಮನೆಯಿಂದ · ಸೋಮವಾರ ಸಂಜೆ

ನಾನು ಅರಸೀಕೆರೆ ತಾಲ್ಲೂಕಿನಲ್ಲಿ ಮೂವತ್ತೊಂದು ವರ್ಷ ಸರ್ಕಾರಿ ಶಾಲೆ ಮೇಷ್ಟ್ರಾಗಿದ್ದವನು. ಆರು ತಿಂಗಳ ವೀಸಾದಲ್ಲಿ ಮಗಳ ಮನೆಗೆ ಬಂದಿದ್ದೇನೆ. ಇಲ್ಲಿಯ ಕಾನೂನು ನನಗೆ ತಿಳಿಯದು. ಆದರೆ ಓದುತ್ತಾ ಓದುತ್ತಾ ನನ್ನ ಶಾಲೆಯೇ ಕಣ್ಣಿಗೆ ಬಂತು.

ನಮ್ಮ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಕಿರಿಯ ಪ್ರಾಥಮಿಕಕ್ಕೆ ಮೂವತ್ತು ಮಕ್ಕಳಿಗೆ ಒಬ್ಬರು, ಅರವತ್ತರವರೆಗೆ ಇಬ್ಬರು ಅಂತ ಇದೆ. ನನ್ನ ಶಾಲೆಯಲ್ಲಿ ಮಕ್ಕಳು ನಲವತ್ತೆರಡು, ಶಿಕ್ಷಕರು ಇಬ್ಬರು. ಲೆಕ್ಕಕ್ಕೆ ಅಚ್ಚುಕಟ್ಟು. ಆದರೆ ಕ್ಲಾಸು ಐದು! ಒಬ್ಬರು ತರಬೇತಿಗೆ ಹೋದರೆ, ಚುನಾವಣೆ ಕೆಲಸಕ್ಕೆ ಹೋದರೆ, ಉಳಿದವನು ಐದೂ ಕ್ಲಾಸು ನೋಡಿಕೊಂಡು, ಬಿಸಿಯೂಟದ ಅಕ್ಕಿಯ ಲೆಕ್ಕ ಬರೆದು, ಗಂಟೆ ಬಾರಿಸಿ, ಬಾಗಿಲು ಹಾಕಿಕೊಂಡು ಬರಬೇಕು. ನಲಿ-ಕಲಿ ಬಂದ ಮೇಲೆ ಒಂದರಿಂದ ಮೂರರ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ದಾರಿ ಸಿಕ್ಕಿತು, ಇಲ್ಲದಿದ್ದರೆ ದೇವರೇ ಗತಿ.

ಒಂದು ಹುಡುಗಿಗೆ ಕಿವಿ ಮಂದ. ತಾಲ್ಲೂಕಿನಿಂದ ವಿಶೇಷ ಶಿಕ್ಷಕರು ಬರಬೇಕು, ಅವರಿಗೆ ನೋಡಿಕೊಳ್ಳಲು ಹತ್ತಾರು ಊರು. ನಾನು ಮಾಡಿದ್ದು ಇಷ್ಟೇ, ಅವಳನ್ನು ಮುಂದಿನ ಮಣೆಯಲ್ಲಿ ಕೂರಿಸಿ, ಹಲಗೆ ಕಡೆ ತಿರುಗಿಕೊಂಡು ಮಾತಾಡುವುದನ್ನು ಬಿಟ್ಟೆ. ಅವಳು ನನ್ನ ತುಟಿ ನೋಡುತ್ತಿದ್ದಳು. ಮೀಸೆ ಸ್ವಲ್ಪ ಕತ್ತರಿಸಿಕೊಂಡೆ.

ತಾಯಿ, ಆ ಜೆರಾಕ್ಸ್ ಯಂತ್ರದ ಪಕ್ಕದಿಂದ ಮೊದಲು ಮಗುವನ್ನು ಎಬ್ಬಿಸಿ. ಅದಕ್ಕೆ ದುಡ್ಡು ಬೇಕಿಲ್ಲ.

ಪುಟ್ಟನ ಅಮ್ಮ · ಸೋಮವಾರ ರಾತ್ರಿ

ಮೇಷ್ಟ್ರೇ, ನಿಮ್ಮ ಮೀಸೆಯ ವಿಷಯ ಓದಿ ನಗು, ಅಳು ಎರಡೂ ಬಂತು. ನಿಜ. ಆರು ವಾರ ಕಾನೂನು, ಶಾಲೆ ಬದಲಾವಣೆ ಅಂತೆಲ್ಲ ತಲೆ ಕೆಡಿಸಿಕೊಂಡೆ. ಬೇರೆ ಕೋಣೆ ಕೊಡಿ ಅಂತ ಒಂದು ಸಲವೂ ಕೇಳಲಿಲ್ಲ.

ಮಾನಸಗಂಗೋತ್ರಿ ಹಳೇ ವಿದ್ಯಾರ್ಥಿ · ಮಂಗಳವಾರ ಬೆಳಿಗ್ಗೆ

ನಾನು ಸ್ಪೀಚ್ ಥೆರಪಿಸ್ಟ್. ಓದಿದ್ದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಈಗ ಟೆಕ್ಸಾಸ್‌ನ ಶಾಲೆಗಳಲ್ಲಿ ಕೆಲಸ. ನಾನೂ ವಾರಕ್ಕೆ ಎರಡು ದಿನ ಲ್ಯಾಪ್‌ಟಾಪಿನಲ್ಲೇ ಕಲಿಸುತ್ತೇನೆ, ಹಾಗಾಗಿ ಆ ಕಡೆ ಕೂತವರ ಪರವಾಗಿ ಎರಡು ಮಾತು.

ಆನ್‌ಲೈನ್ ಥೆರಪಿ ಕೆಟ್ಟದ್ದಲ್ಲ. ಹಳ್ಳಿಗಾಡಿನ ಶಾಲೆಗಳಿಗೆ ಅದು ಬಿಟ್ಟರೆ ಗತಿಯಿಲ್ಲ. ಆದರೆ ಶಾಂತವಾದ ಕೋಣೆ, ಒಳ್ಳೇ ಮೈಕು, ಪಕ್ಕದಲ್ಲಿ ಒಬ್ಬ ದೊಡ್ಡವರು, ಈ ಮೂರು ಬೇಕು. ಪರದೆಯ ಮೇಲೆ ಮಗುವಿನ ಮುಖ ಪೂರ್ತಿ ಕಾಣಬೇಕು. ತೊದಲುವ ಮಗು ತಲೆ ಆಡಿಸಿ ಮುಗಿಸುತ್ತಿದ್ದಾನೆ ಅಂದರೆ ಅವನು ಮಾತಿನಿಂದ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತಿದ್ದಾನೆ. ಅದು ತೊದಲಿಗಿಂತ ಕಷ್ಟ. ಥೆರಪಿಸ್ಟ್‌ಗೆ ನೇರವಾಗಿ ಇಮೇಲ್ ಮಾಡಿ ಮಷಿನ್ ವಿಷಯ ಹೇಳಿ. ಆಕೆಗೆ ಗೊತ್ತೇ ಇರಲಿಕ್ಕಿಲ್ಲ.

ಅವನು ಕನ್ನಡದಲ್ಲೂ ತೊದಲುತ್ತಾನಾ? ಯಾವ ಅಕ್ಷರದ ಮೇಲೆ ನಿಲ್ಲುತ್ತಾನೆ? ಇದನ್ನು ಯಾರಾದರೂ ಕೇಳಿದ್ದಾರಾ? ಪರೀಕ್ಷೆ ಮಾಡುವಾಗ ಮಗುವಿನ ಮನೆಮಾತನ್ನೂ ಗಮನಿಸಬೇಕು ಅಂತ ಕಾನೂನಿನಲ್ಲೇ ಇದೆ. ಇನ್ನೊಂದು ಮಾತು, ನಿಮ್ಮನ್ನು ಉದ್ದೇಶಿಸಿ ಅಲ್ಲ, ಎಲ್ಲರಿಗೂ: ತೊದಲು ಇದೆ ಅಂತ ಮನೆಯಲ್ಲಿ ಕನ್ನಡ ಬಿಡಿಸಬೇಡಿ. ಎರಡು ಭಾಷೆಯಿಂದ ತೊದಲು ಬರುವುದಿಲ್ಲ, ಒಂದು ಬಿಟ್ಟರೆ ಹೋಗುವುದೂ ಇಲ್ಲ. ಅಜ್ಜಿ ಜೊತೆ ಮಾತು ನಿಲ್ಲುತ್ತದೆ, ಅಷ್ಟೇ.

ಪುಟ್ಟನ ಅಮ್ಮ · ಮಂಗಳವಾರ ಮಧ್ಯಾಹ್ನ

ಕನ್ನಡದಲ್ಲೂ ತೊದಲುತ್ತಾನೆ, ‘ಪ’, ‘ಬ’ ಬಂದರೆ ಜಾಸ್ತಿ. ಹಾಡುವಾಗ ಇಲ್ಲ. ಯಾರೂ ಕೇಳಿರಲಿಲ್ಲ. ಇವತ್ತೇ ಬರೆಯುತ್ತೇನೆ.

ಜಯನಗರ ನಾಲ್ಕನೇ ಬ್ಲಾಕ್ · ಮಂಗಳವಾರ ಮಧ್ಯಾಹ್ನ

ಮನೆಮಾತಿನ ವಿಷಯ ಬಂತಲ್ಲ, ಅದಕ್ಕೆ ಕೇಳುತ್ತೇನೆ. ಕಿಂಡರ್‌ಗಾರ್ಟನ್ ಸೇರಿಸುವಾಗ ‘ಮನೆಯಲ್ಲಿ ಯಾವ ಭಾಷೆ’ ಅಂತ ಒಂದು ಫಾರ್ಮ್ ಕೊಡುತ್ತಾರೆ. ನಮ್ಮ ಗ್ರೂಪಿನಲ್ಲಿ ಎಲ್ಲರೂ ಇಂಗ್ಲಿಷ್ ಅಂತ ಬರೆಯಿರಿ, ಕನ್ನಡ ಅಂತ ಬರೆದರೆ ಮಗುವನ್ನು ಬೇರೆ ಕೂರಿಸುತ್ತಾರೆ ಅಂದರು. ನಾನೂ ಹಾಗೇ ಬರೆದೆ. ತಪ್ಪಾ?

ಲೆಕ್ಕದ ಪುಸ್ತಕ · ಮಂಗಳವಾರ ಸಂಜೆ

ಅಯ್ಯೋ, ಈ ಸಲಹೆ ಎಲ್ಲ ವಾಟ್ಸಾಪ್ ಗ್ರೂಪಿನಲ್ಲೂ ಓಡಾಡುತ್ತದೆ. ಕನ್ನಡ ಅಂತ ಬರೆದರೆ ಆಗುವುದು ಇಷ್ಟು: 30 ದಿನದೊಳಗೆ ಎಲ್ಪ್ಯಾಕ್ ಅನ್ನುವ ಇಂಗ್ಲಿಷ್ ಪರೀಕ್ಷೆ. ಪಾಸಾದರೆ ಅಲ್ಲಿಗೆ ಮುಗಿಯಿತು. ಆಗದಿದ್ದರೆ ‘ಇಂಗ್ಲಿಷ್ ಕಲಿಯುವ ಮಗು’ ಅಂತ ಗುರುತಿಸಿ ದಿನಾ ಸ್ವಲ್ಪ ಹೊತ್ತು ಅದಕ್ಕೇ ಅಂತ ಪಾಠ, ವರ್ಷಕ್ಕೊಮ್ಮೆ ಪರೀಕ್ಷೆ. ಆ ಹಣೆಪಟ್ಟಿ ಕಳಚಲು ಕೆಲವರಿಗೆ ವರ್ಷಗಳು ಹಿಡಿಯುತ್ತವೆ, ಅದು ನಿಜವಾದ ಕಿರಿಕಿರಿ, ಇಲ್ಲ ಅನ್ನಲ್ಲ.

ಆದರೆ ಹಾಗೆ ಗುರುತಿಸಿದ ಮಗುವಿಗೆ ರಾಜ್ಯ ಮೂಲ ಮೊತ್ತದ ಮೇಲೆ 20 ಶೇಕಡಾ ಹೆಚ್ಚು ಕೊಡುತ್ತದೆ. ಕಡಿಮೆ ಆದಾಯದ ಮನೆಯ ಮಕ್ಕಳಿಗೂ, ಫಾಸ್ಟರ್ (ಸರ್ಕಾರ ಬೇರೆಯವರ ಆರೈಕೆಗೆ ಒಪ್ಪಿಸಿದ) ಮಕ್ಕಳಿಗೂ ಅಷ್ಟೇ. ದುಡ್ಡಿಗೋಸ್ಕರ ಬರೆಯಿರಿ ಅಂತಲ್ಲ, ಇರುವುದನ್ನು ಬರೆಯಿರಿ. ಮನೆಯಲ್ಲಿ ‘ಊಟ ಆಯ್ತಾ’ ಅಂತ ಕೇಳಿ ಫಾರ್ಮಿನಲ್ಲಿ ಇಂಗ್ಲಿಷ್ ಅಂತ ಬರೆದು, ಆಮೇಲೆ ಶಾಲೆಯಲ್ಲಿ ಸಿಬ್ಬಂದಿ ಯಾಕಿಲ್ಲ ಅಂದರೆ ಹೇಗೆ?

ಆದಾಯದ ಫಾರ್ಮ್ ಕೂಡ ಹೀಗೇ. 2022-23ರಿಂದ ಇಲ್ಲಿ ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಊಟ ಉಚಿತ. ಊಟ ಹೇಗೂ ಸಿಗುತ್ತದೆ ಅಂತ ಫಾರ್ಮ್ ಯಾರೂ ತುಂಬುವುದಿಲ್ಲ. ಶಾಲೆಗೆ ಬರಬೇಕಾದ ಹೆಚ್ಚುವರಿ ಹಣ ಅದೇ ಫಾರ್ಮ್ ಮೇಲೆ ನಿಂತಿರುತ್ತದೆ. ನಮ್ಮ ಬೋರ್ಡಿನಲ್ಲಿದ್ದಾಗ ನಾವು ಪಾರ್ಕಿಂಗ್ ಜಾಗದಲ್ಲಿ ಡೋನಟ್ ಡಬ್ಬಿ ಇಟ್ಟುಕೊಂಡು ನಿಂತು ಫಾರ್ಮ್ ಬೇಡುತ್ತಿದ್ದೆವು.

ಇನ್ನು ನಮ್ಮವರ ದೊಡ್ಡ ಅಭ್ಯಾಸ, ಡಿಸೆಂಬರ್‌ನಲ್ಲಿ ಟಿಕೆಟ್ ಅಗ್ಗ ಅಂತ ರಜೆಗೆ ಹತ್ತು ದಿನ ಮುಂಚೆ ಊರಿಗೆ ಹೊರಡುವುದು. ಅಜ್ಜಿ ಮನೆಗೆ ಹೋಗಬೇಡಿ ಅನ್ನುವ ಪಾಪ ನಾನು ಕಟ್ಟಿಕೊಳ್ಳಲ್ಲ. ಆದರೆ ಆಫೀಸಿಗೆ ಮೊದಲೇ ಹೇಳಿ ‘ಇಂಡಿಪೆಂಡೆಂಟ್ ಸ್ಟಡಿ’ ಒಪ್ಪಂದಕ್ಕೆ ಸಹಿ ಹಾಕಿ. ಮಗು ಊರಿನಲ್ಲಿ ಕೂತು ಕೊಟ್ಟ ಕೆಲಸ ಮಾಡಿ ತಂದರೆ ಹಾಜರಾತಿ ಸಿಗುತ್ತದೆ. ಇಲ್ಲದಿದ್ದರೆ ಚೀಟಿ ಕೊಟ್ಟ ರಜೆಯಾದರೂ ದುಡ್ಡಿನ ಲೆಕ್ಕದಲ್ಲಿ ಗೈರೇ.

ಪ್ಯಾರಾ ಅಕ್ಕ · ಮಂಗಳವಾರ ಸಂಜೆ

ಡಿಸೆಂಬರ್ ಎರಡನೇ ವಾರ ನಮ್ಮ ಕ್ಲಾಸಿನಲ್ಲಿ ಇಪ್ಪತ್ನಾಲ್ಕರಲ್ಲಿ ಹದಿನಾರು ಮಕ್ಕಳು. ಉಳಿದ ಎಂಟೂ ವಿಮಾನದಲ್ಲಿ. ನನ್ನ ಮಗನೂ ಅದರಲ್ಲಿದ್ದ, ಸುಳ್ಳು ಯಾಕೆ ಹೇಳಲಿ.

ಎರಡನೇ ಡಿಕಾಕ್ಷನ್ · ಮಂಗಳವಾರ ರಾತ್ರಿ

ಫಾರ್ಮ್, ಡೋನಟ್ ಎಲ್ಲ ಸರಿ. ಅದು ಮುಂದಿನ ವರ್ಷದ ಕಥೆ. ಈ ಆರು ವಾರದ್ದು? ಇದನ್ನು ಶಾಲೆ ಸುಮ್ನೆ ನುಂಗಿಬಿಡುತ್ತದೆ, ನೋಡುತ್ತಿರಿ. ನಮಗಂತೂ ‘ನಿಮ್ಮ ಮಗಳಿಗೆ ದೊಡ್ಡ ಶಾಲೆ ಸರಿಹೋಗಬಹುದೇನೋ’ ಅಂತ ನಗುನಗುತ್ತಾ ಹೇಳಿದರು. ಅರ್ಥ ಆಯಿತಲ್ಲ?

ಲೆಕ್ಕದ ಪುಸ್ತಕ · ಮಂಗಳವಾರ ರಾತ್ರಿ

ಹಾಗೆ ಹೇಳುವುದು ಇಲ್ಲಿ ನಿಷೇಧ. ಅಂಗವೈಕಲ್ಯ ಇರುವ ಮಗುವನ್ನು ಸೇರದಂತೆ ಅಥವಾ ಬಿಟ್ಟು ಹೋಗುವಂತೆ ಚಾರ್ಟರ್ ಶಾಲೆ ಪುಸಲಾಯಿಸುವಂತಿಲ್ಲ, ಹಾಗಾದರೆ ದೂರು ಕೊಡಲು ಬೇರೆ ಫಾರ್ಮೇ ಇದೆ. ನಿಮಗೆ ಆಗಿದ್ದು ಅನ್ಯಾಯ, ಒಪ್ಪುತ್ತೇನೆ. ನಿಮ್ಮ ಸಿಟ್ಟಿನ ಮೂಲ ಈಗ ತಿಳಿಯಿತು.

ಪುಟ್ಟನ ಅಮ್ಮ, ಆರು ವಾರಕ್ಕೆ 120ರಂತೆ 720 ನಿಮಿಷ, ಅಂದರೆ 12 ಗಂಟೆ ಬಾಕಿ. ಇದಕ್ಕೆ ‘ಕಾಂಪೆನ್ಸೇಟರಿ ಸರ್ವಿಸ್’ ಅಂತಾರೆ, ತಪ್ಪಿದ್ದನ್ನು ತುಂಬಿಕೊಡುವುದು. ಫೋನಿನಲ್ಲಿ ಬೇಡ, ಇಮೇಲ್ ಮಾಡಿ. ಸೇವೆ ಯಾವ ದಿನ ನಿಂತಿತು, ಎಷ್ಟು ನಿಮಿಷ ಬಾಕಿ, ಯಾರು ಯಾವಾಗ ಕೊಡುತ್ತಾರೆ, ಐಇಪಿ ಮೀಟಿಂಗ್ ಕರೆಯಿರಿ. ನಾಲ್ಕು ಸಾಲು ಸಾಕು. ಸಿಟ್ಟು ಬೇಡ, ತಾರೀಖು ಇರಲಿ. ಕೇಳದಿದ್ದರೆ ರಾಜ್ಯ ಶಿಕ್ಷಣ ಇಲಾಖೆಗೆ ದೂರು ಕೊಡಬಹುದು, ವಕೀಲರು ಬೇಕಿಲ್ಲ, ಅವರು 60 ದಿನದಲ್ಲಿ ತೀರ್ಮಾನ ಹೇಳಬೇಕು. ಆದರೆ ಅದು ಕೊನೇ ಮೆಟ್ಟಿಲು.

ಅದರ ಮುಂಚೆ ಬೋರ್ಡ್ ಮೀಟಿಂಗಿಗೆ ಹೋಗಿ. ಚಾರ್ಟರ್ ಬೋರ್ಡ್‌ಗಳೂ ಬಾಗಿಲು ತೆರೆದೇ ಸಭೆ ಮಾಡಬೇಕು ಅಂತ 2019ರಲ್ಲಿ ಕಾನೂನು ಸ್ಪಷ್ಟ ಮಾಡಿದೆ. 72 ಗಂಟೆ ಮುಂಚೆ ಅಜೆಂಡಾ ಹಾಕಬೇಕು, ಸಾರ್ವಜನಿಕರಿಗೆ ಮಾತಾಡಲು ಅವಕಾಶ ಕೊಡಬೇಕು. ನಮ್ಮ ಸಭೆಗೆ ವರ್ಷದಲ್ಲಿ ಬಂದ ಪೋಷಕರನ್ನು ಎರಡು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಅದರಲ್ಲಿ ಅರ್ಧ ಜನ ಬಂದಿದ್ದು ಪಾರ್ಕಿಂಗ್ ಜಗಳಕ್ಕೆ.

ಮಿನ್ನೆಸೋಟ ಚಳಿ · ಬುಧವಾರ

ನಮ್ಮಲ್ಲಿ ಚಾರ್ಟರ್‌ನ ವಿಶೇಷ ಶಿಕ್ಷಣದ ಖರ್ಚಿನ ದೊಡ್ಡ ಪಾಲನ್ನು ಮಗು ವಾಸಿಸುವ ಡಿಸ್ಟ್ರಿಕ್ಟ್‌ಗೆ ಬಿಲ್ ಕಳಿಸುತ್ತಾರೆ. ಡಿಸ್ಟ್ರಿಕ್ಟ್‌ಗಳಿಗೆ ಹೊಟ್ಟೆಯುರಿ. ಎಲ್ಲಿ ಹೋದರೂ ಇದೇ ಜಗಳ, ಬಿಲ್ ಯಾರ ಹೆಸರಿಗೆ ಅನ್ನುವುದಷ್ಟೇ ಬೇರೆ.

ಪುಟ್ಟನ ಅಮ್ಮ · ಹದಿನೈದು ದಿನದ ನಂತರ

ಸ್ವಲ್ಪ ತಡವಾಯಿತು, ಕ್ಷಮಿಸಿ.

ಇಮೇಲ್ ಕಳಿಸಿದ ಮರುದಿನವೇ ಪ್ರಿನ್ಸಿಪಾಲ್ ಫೋನ್ ಮಾಡಿದರು. ಧ್ವನಿಯಲ್ಲಿ ಸುಸ್ತು. ಜನವರಿಯಿಂದ ಬೆಳಿಗ್ಗೆ ಐಇಪಿ ಕಾಗದ, ಮಧ್ಯಾಹ್ನ ಐದನೇ ಕ್ಲಾಸಿಗೆ ಸಬ್‌ಸ್ಟಿಟ್ಯೂಟ್, ಸಂಜೆ ಬಜೆಟ್ ಎಲ್ಲ ಅವರೇ ಅಂತೆ. ಜೆರಾಕ್ಸ್ ಮಷಿನ್ ವಿಷಯ ಹೇಳಿದಾಗ ಒಂದು ನಿಮಿಷ ಏನೂ ಮಾತಾಡಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ಆ ಕುರ್ಚಿ ಅಲ್ಲಿ ಇಟ್ಟಿದ್ದು ಆಫೀಸಿನವರು.

ಬೋರ್ಡ್ ಮೀಟಿಂಗಿಗೂ ಹೋದೆ. ಎರಡು ನಿಮಿಷ ಕೊಟ್ಟರು, ಎದುರಿಗೆ ಒಬ್ಬರು ಫೋನಿನಲ್ಲಿ ಟೈಮರ್ ಹಿಡಿದು ಕೂತಿದ್ದರು. ಬರೆದುಕೊಂಡು ಹೋಗಿದ್ದನ್ನು ಓದಿದೆ. ಕೈ ನಡುಗುತ್ತಿತ್ತು. ‘ಕೌನ್ಸೆಲರ್ 0.4 ಎಫ್‌ಟಿಇ ಅಲ್ವಾ, ಅಂದರೆ 525ಕ್ಕೆ ಒಬ್ಬರು’ ಅಂದಾಗ ಇಬ್ಬರು ತಲೆ ಎತ್ತಿ ನೋಡಿದರು. ಲೆಕ್ಕದ ಪುಸ್ತಕದವರೇ, ಅದು ನಿಮ್ಮದು. ನನ್ನ ಹಿಂದೆ ಇನ್ನಿಬ್ಬರು ಅಮ್ಮಂದಿರು ಎದ್ದು ನಿಂತು ಅವರ ಮಕ್ಕಳ ನಿಮಿಷಗಳನ್ನು ಹೇಳಿದರು. ಒಬ್ಬರದ್ದು ನನಗಿಂತ ಜಾಸ್ತಿ ಬಾಕಿ.

ಆಗಿದ್ದು ಇಷ್ಟು. ಏಪ್ರಿಲ್‌ನಿಂದ ವಾರಕ್ಕೆ ಮೂರು ದಿನ ಒಬ್ಬ ರಿಸೋರ್ಸ್ ಟೀಚರ್, ಏಜೆನ್ಸಿ ಮೂಲಕ. ಅವರು ಬರುವ ತನಕದ್ದೂ ಸೇರಿಸಿ ಬಾಕಿ ನಿಮಿಷ ಎಲ್ಲವನ್ನೂ ಬೇಸಿಗೆಯಲ್ಲಿ ಕೊಡುತ್ತೇವೆ ಅಂತ ಐಇಪಿಯಲ್ಲಿ ಬರೆಸಿಕೊಂಡೆ. ಕೌನ್ಸೆಲರ್ ಮುಂದಿನ ವರ್ಷ ಇರುತ್ತಾರೋ ಇಲ್ವೋ ಮೇ ತಿಂಗಳಿಗೆ ಗೊತ್ತಾಗುತ್ತದೆ. ಎರಡನೇ ಡಿಕಾಕ್ಷನ್ ಅವರೇ, ಡಿಸ್ಟ್ರಿಕ್ಟ್ ಶಾಲೆಗೂ ಹೋಗಿ ನೋಡಿ ಬಂದೆ. ಚೆನ್ನಾಗಿದೆ. ಅರ್ಜಿ ತುಂಬಿ ಡ್ರಾಯರಿನಲ್ಲಿ ಇಟ್ಟಿದ್ದೇನೆ, ಕಳಿಸಿಲ್ಲ.

ಮಾತಿನ ಕ್ಲಾಸು ಈಗ ಪ್ರಿನ್ಸಿಪಾಲರ ಕೋಣೆಯಲ್ಲಿ. ವಾರಕ್ಕೆ ಎರಡು ಸಲ ಅರ್ಧ ಗಂಟೆ ಅವರು ಲ್ಯಾಪ್‌ಟಾಪ್ ಎತ್ತಿಕೊಂಡು ಕಾರಿಡಾರಿಗೆ ಹೋಗುತ್ತಾರೆ. ಅವರ ಕೋಣೆಯಲ್ಲಿ ಮೀನಿನ ತೊಟ್ಟಿ ಇದೆಯಂತೆ. ಒಂದು ಮೀನಿಗೆ ಇವನು ಬೋಂಡಾ ಅಂತ ಹೆಸರಿಟ್ಟಿದ್ದಾನೆ. ‘ಬ’ದ ಮೇಲೆ ನಾಲ್ಕು ಸಲ ನಿಂತು, ಐದನೇ ಸಲಕ್ಕೆ ಹೇಳಿದ.

ಜಯನಗರ ನಾಲ್ಕನೇ ಬ್ಲಾಕ್ · ಹದಿನೈದು ದಿನದ ನಂತರ

ಖುಷಿ ಆಯಿತು. ಚಿಕ್ಕವಳದ್ದು ಕಿಂಡರ್‌ಗಾರ್ಟನ್ ಫಾರ್ಮ್ ನಮಗೂ ಬಂದಿದೆ, ಈ ಸಲ ಕನ್ನಡ ಅಂತ ಬರೆದೆ. ಗಂಡನ ಕಡೆ ತುಳು, ಅದನ್ನೂ ಬರೆಯಬೇಕಾ? ಒಂದೇ ಖಾಲಿ ಜಾಗ ಇದೆ.